ಕಟ್ಟೆಯ ಕೆಳಗಿನ ಊರು

ಸೆಪ್ಟೆಂಬರ್ 15 ಬಂದ್ರೆ ನಾವೆಲ್ಲ ಸರ್ ಎಂ.ವಿ. ಫೋಟೋಗೆ ಹಾರ ಹಾಕ್ತೀವಿ. ಅವರ ದೊಡ್ಡ ಕೆಲಸದ ಅಡಿಯಲ್ಲಿ ಒಂದು ಊರೇ ಇತ್ತು ಅನ್ನೋದು ನಮಗೆ ನೆನಪಾಗೋದು ಕಡಿಮೆ.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟ್ ಕೂರಿಸಿದರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು.

ಬೇಸಿಗೆಯಲ್ಲಿ ಕಾವೇರಿ ಇಳಿದ್ರೆ ಶಿವನಸಮುದ್ರದ ಕರೆಂಟಿಗೂ, ಅದನ್ನೇ ನಂಬಿದ್ದ ಕೋಲಾರದ ಚಿನ್ನದ ಗಣಿಗೂ ಕಷ್ಟ. ಮಂಡ್ಯದ ಹೊಲಗಳು ಮಳೆಯನ್ನೇ ಕಾಯಬೇಕಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಯ್ತು. ಮದ್ರಾಸ್ ಸರ್ಕಾರದ ತಕರಾರಿನಿಂದ ಒಪ್ಪಿಗೆ ಸಿಕ್ಕಿದ್ದು ಕಡಿಮೆ ಎತ್ತರಕ್ಕೆ. ಪಾಯವನ್ನ ಮಾತ್ರ ಅವರು ಪೂರ್ತಿ ಎತ್ತರಕ್ಕೆ ತಕ್ಕಷ್ಟು ಅಗಲವಾಗಿ ಹಾಕಿಸಿದರು. 1912ರಲ್ಲಿ ದಿವಾನರಾಗಿ, 1918ರಲ್ಲಿ ಹುದ್ದೆ ಬಿಟ್ಟರು. ಕಟ್ಟೆ ಮುಗಿದದ್ದು ಅದಾಗಿ ಎಷ್ಟೋ ವರ್ಷಕ್ಕೆ.

ನೀರು ನಿಂತಾಗ ಕನ್ನಂಬಾಡಿಯ ಮನೆ, ಹೊಲ, ದಾರಿ, ವೇಣುಗೋಪಾಲಸ್ವಾಮಿ ಗುಡಿ ಎಲ್ಲಾ ಮುಳುಗಿದವು. ಜನ ಮೇಲೆ ಹೋಗಿ ಹೊಸ ಕನ್ನಂಬಾಡಿ ಕಟ್ಕೊಂಡ್ರು. ಗುಡಿಯ ಕಲ್ಲುಗಳು ಹಿನ್ನೀರಿನ ದಡಕ್ಕೆ ಬಂದು ಮತ್ತೆ ಗುಡಿಯಾಗೋಕೆ ಎಷ್ಟೋ ದಶಕ ಬೇಕಾಯ್ತು.

ನಾಲೆ ನೀರಿನ ಋಣಕ್ಕೆ ಮಂಡ್ಯದವರು ಸರ್ ಎಂ.ವಿ.ಯನ್ನ ಇವತ್ತಿಗೂ ನೆನೀತಾರೆ. ಅದು ನ್ಯಾಯವೇ. ನಾಳೆ ನಾವು ಡ್ರಾಯಿಂಗ್ ಮೇಲೆ ಮುಳುಗಡೆಯ ಗೆರೆ ಎಳೆಯುವಾಗ, ಗೆರೆಯೊಳಗಿನ ಊರುಗಳ ಹೆಸರನ್ನೂ ಬರೆದಿಡೋಣ.