ಆಲ್‌ಫ್ರೆಡ್ ನೊಬೆಲ್

ಮಂಗಳೂರಿನಿಂದ ಹಾಸನಕ್ಕೆ ಹೋಗುವ ರೈಲು ಸುಬ್ರಹ್ಮಣ್ಯವನ್ನು ದಾಟಿ ಸಕಲೇಶಪುರದತ್ತ ಘಟ್ಟವನ್ನೇರುವಾಗ 57 ಸುರಂಗಗಳನ್ನು ಹಾಯ್ದು ಹೋಗುತ್ತದೆ. 1979ರಲ್ಲಿ ಮುಗಿದ ಈ ಮಾರ್ಗಕ್ಕಾಗಿ ಹೆಬ್ಬಂಡೆಗಳನ್ನು ಸಿಡಿಸಬೇಕಾಯಿತು. ಬಂಡೆ ಸಿಡಿಸುವ ವಿದ್ಯೆಯನ್ನು ತಕ್ಕಮಟ್ಟಿಗೆ ನಿರಪಾಯಗೊಳಿಸಿದವನು ಸ್ವೀಡನ್ ದೇಶದ ಆಲ್‌ಫ್ರೆಡ್ ನೊಬೆಲ್.

ನೊಬೆಲನು 1833ರ ಅಕ್ಟೋಬರ್ 21ರಂದು ಸ್ಟಾಕ್‌ಹೋಮ್ ನಗರದಲ್ಲಿ ಜನಿಸಿದನು. ಅದೇ ವರ್ಷ ತಂದೆ ಇಮ್ಯಾನುಯೆಲ್ ದಿವಾಳಿಯಾದನು. ಮುಂದೆ ತಂದೆಯು ರಷ್ಯದಲ್ಲಿ ನೆಲೆನಿಂತಾಗ ಬಾಲಕನು ಅಲ್ಲಿ ಮನೆಪಾಠದಿಂದಲೇ ರಸಾಯನಶಾಸ್ತ್ರವನ್ನೂ ಐದು ಭಾಷೆಗಳನ್ನೂ ಕಲಿತನು.

ಇಟಲಿಯ ಸೊಬ್ರೆರೊ 1847ರಲ್ಲಿ ಕಂಡುಹಿಡಿದ ನೈಟ್ರೋಗ್ಲಿಸರಿನ್ ಎಂಬ ದ್ರವವು ಸ್ವಲ್ಪ ಕುಲುಕಿದರೂ ಸಿಡಿಯುವಂಥದು. ಅದನ್ನು ಪಳಗಿಸಲು ನೊಬೆಲ್ ಕುಟುಂಬವು ಹೊರಟಿತು. 1864ರ ಸೆಪ್ಟೆಂಬರ್ 3ರಂದು ಅವರ ಪ್ರಯೋಗಶಾಲೆ ಸ್ಫೋಟಗೊಂಡು ಐವರು ಮಡಿದರು. ಅವರಲ್ಲಿ ಒಬ್ಬನು ಆಲ್‌ಫ್ರೆಡನ ಕಿರಿಯ ತಮ್ಮ ಎಮಿಲ್. ನಗರದೊಳಗೆ ಪ್ರಯೋಗ ನಡೆಸಕೂಡದೆಂದು ಆಜ್ಞೆಯಾಯಿತು. ನೊಬೆಲನು ಸರೋವರದಲ್ಲಿ ಲಂಗರು ಹಾಕಿದ ದೋಣಿಯೊಂದರಲ್ಲಿ ಕೆಲಸವನ್ನು ಮುಂದುವರಿಸಿದನು. ಛಲವೆನ್ನಬೇಕೋ, ನಿಷ್ಠುರತೆಯೆನ್ನಬೇಕೋ ಹೇಳುವುದು ಕಷ್ಟ.

1867ರಲ್ಲಿ ಅವನು ಆ ದ್ರವದ ಮೂರು ಪಾಲನ್ನು ಒಂದು ಪಾಲು ಹಗುರವಾದ ರಂಧ್ರಮಯ ಮಣ್ಣಿಗೆ ಹೀರಿಸಿ ಡೈನಮೈಟನ್ನು ತಯಾರಿಸಿದನು. ಆದರೆ ಮಣ್ಣು ತಾನು ಸಿಡಿಯದು. ಮೇಲಾಗಿ ನೀರು ತಗುಲಿದರೆ ದ್ರವವು ಹೊರಕ್ಕೆ ಜಿನುಗಿ ಮತ್ತೆ ಅಪಾಯವೊಡ್ಡುತ್ತಿತ್ತು.

1875ರಲ್ಲಿ ಪ್ಯಾರಿಸಿನ ಪ್ರಯೋಗಶಾಲೆಯಲ್ಲಿ ನೊಬೆಲನ ಬೆರಳಿಗೆ ಗಾಜು ಚುಚ್ಚಿತೆಂದೂ ಅದಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸವರಿಕೊಂಡನೆಂದೂ ಅವನ ಚರಿತ್ರಕಾರರು ಹೇಳುತ್ತಾರೆ. ನೋವಿನಿಂದ ನಿದ್ರೆ ಬಾರದ ಆ ರಾತ್ರಿ ಅವನಿಗೆ ಹೊಸ ಯೋಚನೆಯೊಂದು ಹೊಳೆಯಿತು. ಕೊಲೋಡಿಯನ್ನಿನ ಮೂಲ ಹತ್ತಿ. ಹತ್ತಿಯನ್ನು ಆಮ್ಲಗಳಲ್ಲಿ ನೆನೆಸಿ ಸಿಡಿಹತ್ತಿಯನ್ನು ಮಾಡುವ ಕ್ರಮವನ್ನು ಕಂಡುಹಿಡಿದವನು ಬಾಸೆಲ್ ನಗರದ ಪ್ರಾಧ್ಯಾಪಕ ಶೋನ್‌ಬೈನ್. 1834ರಲ್ಲಿ ಮಂಗಳೂರಿಗೆ ಬಂದು ಮುಂದೆ ಇಲ್ಲಿ ನೇಯ್ಗೆ, ಹೆಂಚುಗಳ ಕಾರ್ಖಾನೆಗಳನ್ನು ಸ್ಥಾಪಿಸಿದ ಮಿಷನ್ನಿನ ಮೂಲಸ್ಥಾನವೂ ಅದೇ ಊರು.

ಹತ್ತಿಯು ಸೆಲ್ಯುಲೋಸ್ ಎಂಬ ಉದ್ದವಾದ ಅಣುಸರಪಣಿಗಳಿಂದಾದುದು. ಈ ಸರಪಣಿಗಳ ಹೈಡ್ರಾಕ್ಸಿಲ್ ಗುಂಪುಗಳು ಹೈಡ್ರೋಜನ್ ಬಂಧಗಳಿಂದ ಪರಸ್ಪರ ಬಿಗಿಹಿಡಿದಿರುವುದರಿಂದ ಹತ್ತಿ ನೀರಿನಲ್ಲಿ ಕರಗದು. ಆಮ್ಲವು ಆ ಗುಂಪುಗಳಲ್ಲಿ ಹಲವನ್ನು ನೈಟ್ರೇಟುಗಳಾಗಿ ಮಾರ್ಪಡಿಸಿದಾಗ ಹಿಡಿತ ಸಡಿಲುತ್ತದೆ. ತಾನೂ ನೈಟ್ರೇಟೇ ಆಗಿರುವ ನೈಟ್ರೋಗ್ಲಿಸರಿನ್ ಆಗ ಸರಪಣಿಗಳ ನಡುವೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಆದರೂ ಸರಪಣಿಗಳು ಅಲ್ಲಲ್ಲಿ ಒಂದಕ್ಕೊಂದು ಹೆಣೆದುಕೊಂಡು ಮೀನಿನ ಬಲೆಯಂತಾಗುತ್ತವೆ. ದ್ರವವು ಆ ಬಲೆಯಲ್ಲಿ ಸೆರೆಯಾಗುತ್ತದೆ. ಇದೇ ಜೆಲ್. ನೂರು ಪಾಲಿನಲ್ಲಿ ಏಳೆಂಟು ಪಾಲು ಕೊಲೋಡಿಯನ್ ಹತ್ತಿಯಿದ್ದರೆ ಸಾಕು, ಉಳಿದುದೆಲ್ಲ ನೈಟ್ರೋಗ್ಲಿಸರಿನ್ ಆಗಿರಬಹುದು. ಪೂರ್ತಿಯಾಗಿ ನೈಟ್ರೇಟುಗೊಂಡ ಸಿಡಿಹತ್ತಿಯಿಂದ ಇದು ಸರಿಯಾಗಿ ಆಗದು. ಹದವಾಗಿ ನೈಟ್ರೇಟುಗೊಂಡ ಹತ್ತಿಯೇ ಬೇಕು.

ಬೆಳಗಾಗಿ ಸಹಾಯಕನು ಬರುವಷ್ಟರಲ್ಲಿ ನೊಬೆಲನ ಮುಂದೆ ಮೊದಲ ಲೋಳೆ ಸಿದ್ಧವಾಗಿತ್ತಂತೆ. ಅದು ಡೈನಮೈಟಿಗಿಂತ ಬಲವಾದುದು, ನೀರಿಗೂ ಅಂಜದು. ಸ್ಫೋಟಕ ಜಿಲೆಟಿನ್ ಎಂದು ಅದಕ್ಕೆ ಹೆಸರಾಯಿತು. ಕಲ್ಲುಕೋರೆಗಳಲ್ಲಿ ಇಂದು ಬಳಸುವ ಪದಾರ್ಥ ಬೇರೆಯಾಗಿದ್ದರೂ ಜಿಲೆಟಿನ್ ಕಡ್ಡಿ ಎಂಬ ಮಾತು ಉಳಿದಿದೆ.

ಅವಿವಾಹಿತನಾಗಿಯೇ ಉಳಿದ ನೊಬೆಲನು 1895ರ ನವೆಂಬರ್ 27ರಂದು ತನ್ನ ಸಂಪತ್ತಿನ ಬಹುಭಾಗವನ್ನು ಬಹುಮಾನಗಳಿಗೆಂದು ಉಯಿಲು ಬರೆದನು. ಹೃದ್ರೋಗದಿಂದ ಬಳಲುತ್ತಿದ್ದ ಅವನಿಗೆ ವೈದ್ಯರು ಸೂಚಿಸಿದ ಔಷಧ ನೈಟ್ರೋಗ್ಲಿಸರಿನ್! 1896ರ ಡಿಸೆಂಬರ್ 10ರಂದು ಇಟಲಿಯ ಸಾನ್ ರೆಮೊದಲ್ಲಿ, ಬಂಧುಗಳು ಯಾರೂ ಬಳಿಯಲ್ಲಿಲ್ಲದಾಗ, ಅವನು ನಿಧನನಾದನು. ಬಹುಮಾನಗಳ ವಿತರಣೆ 1901ರಲ್ಲಿ ಆರಂಭವಾಯಿತು.