ಗೋವೆಯ ವೈದ್ಯ ಗಾರ್ಸಿಯಾ ದ ಓರ್ತಾ



ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಯುವಜನರು ಗೋವೆಗೆ ಯಾತ್ರೆ ಹೋಗಿದ್ದೆವು. ಹಳೇ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಸಮಾಧಿಯ ಮುಂದೆ ಪ್ರಾರ್ಥಿಸಿ ಸಂಜೆ ಪಣಜಿಗೆ ಬಂದೆವು. ಅಲ್ಲಿ ಅಮಲೋದ್ಭವ ಮಾತೆಯ ದೇವಾಲಯದ ಮೆಟ್ಟಿಲು ಇಳಿದು ಬಂದರೆ ಹತ್ತಿರದಲ್ಲೇ ಒಂದು ಉದ್ಯಾನವಿದೆ. ಬಸ್ಸು ಹೊರಡಲು ಇನ್ನೂ ಹೊತ್ತಿದ್ದುದರಿಂದ ಮರದ ನೆರಳಲ್ಲಿ ಕುಳಿತೆವು. ಉದ್ಯಾನಕ್ಕೆ ಗಾರ್ಸಿಯಾ ದ ಓರ್ತಾ ಎಂಬ ಹೆಸರು. ಯಾರೋ ಪೋರ್ಚುಗೀಸ್ ಗವರ್ನರ್ ಇರಬೇಕೆಂದುಕೊಂಡೆ. ಬಿಎಸ್ಸಿಯಲ್ಲಿ ಮೂರು ವರ್ಷ ಸಸ್ಯಶಾಸ್ತ್ರ ಓದಿದ ನನಗೆ ಆ ಹೆಸರು ಗೊತ್ತಿರಲಿಲ್ಲ ಎನ್ನಲು ಈಗ ನಾಚಿಕೆಯಾಗುತ್ತದೆ. ಊರಿಗೆ ಬಂದು ಹುಡುಕಿ ಓದಿದೆ. ಓದಿದ್ದನ್ನೆಲ್ಲ ಇಲ್ಲಿ ಬರೆಯಬಹುದೇ ಎಂದು ಸ್ವಲ್ಪ ಹಿಂಜರಿಕೆಯೂ ಆಯಿತು. ಏಕೆಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಓರ್ತಾ ಹುಟ್ಟಿದ್ದು 1501ರ ಸುಮಾರಿಗೆ, ಪೋರ್ಚುಗಲ್ಲಿನ ಗಡಿಯ ಊರಾದ ಕಾಸ್ತೆಲೊ ದ ವಿದೆಯಲ್ಲಿ. ತಂದೆತಾಯಿ ಸ್ಪೇನಿನ ಯೆಹೂದ್ಯರು. 1492ರಲ್ಲಿ ಸ್ಪೇನ್ ತನ್ನ ಯೆಹೂದ್ಯರನ್ನು ಹೊರದಬ್ಬಿದಾಗ ಗಡಿ ದಾಟಿ ಬಂದವರು. ಐದೇ ವರ್ಷಗಳಲ್ಲಿ ಪೋರ್ಚುಗಲ್ಲಿನಲ್ಲೂ ಬಲವಂತದ ದೀಕ್ಷಾಸ್ನಾನವಾಯಿತು. ಹೀಗೆ ಕ್ರೈಸ್ತರಾದವರನ್ನು ಹೊಸ ಕ್ರೈಸ್ತರು ಎಂದು ಬೇರೆಯಾಗಿಯೇ ಎಣಿಸುತ್ತಿದ್ದರು. ಮಕ್ಕಳು, ಮೊಮ್ಮಕ್ಕಳು ಚರ್ಚಿನಲ್ಲೇ ಬೆಳೆದರೂ ಆ ಹೆಸರು ಬಿಡುತ್ತಿರಲಿಲ್ಲ.

ಹುಡುಗ ಚುರುಕು. ಸ್ಪೇನಿನ ಸಲಮಾಂಕಾ ಮತ್ತು ಅಲ್ಕಲಾ ವಿಶ್ವವಿದ್ಯಾಲಯಗಳಲ್ಲಿ ವೈದ್ಯಶಾಸ್ತ್ರ ಓದಿ, ಲಿಸ್ಬನ್ನಿನಲ್ಲಿ ಪಾಠ ಹೇಳಿ, ರಾಜವೈದ್ಯನೆನಿಸಿದರು. 1534ರಲ್ಲಿ ಮಾರ್ತಿಂ ಅಫೊನ್ಸೊ ದ ಸೋಜಾ ಎಂಬ ನೌಕಾನಾಯಕನ ವೈದ್ಯರಾಗಿ ಹಡಗು ಹತ್ತಿ ಗೋವೆಗೆ ಬಂದರು. ಎಂಟು ವರ್ಷಗಳ ನಂತರ ಇದೇ ಸೋಜಾ ಗವರ್ನರ್ ಆಗಿ ಮತ್ತೆ ಬಂದಾಗ ಅವನ ಜೊತೆಗಿದ್ದವರು ಸಂತ ಫ್ರಾನ್ಸಿಸ್ ಝೇವಿಯರ್.

ಹಡಗುಗಳು ಅಷ್ಟು ದೂರ ಬಂದದ್ದು ಯಾಕೆ? ನಮ್ಮ ಕಾಸರಗೋಡಿನಲ್ಲಿ ಕಂಗಿಗೆ ಹಬ್ಬಿರುವ ಒಳ್ಳೆಮೆಣಸಿನ ಬಳ್ಳಿಯೇ ಅದಕ್ಕೆ ಮುಖ್ಯ ಕಾರಣ. ಯುರೋಪು ಸಾವಿರಾರು ವರ್ಷ ಮೆಣಸು, ದಾಲ್ಚಿನ್ನಿ, ಲವಂಗ ತಿಂದಿತ್ತು, ಅವು ಬೆಳೆಯುವ ಗಿಡವನ್ನು ಮಾತ್ರ ಸರಿಯಾಗಿ ಕಂಡಿರಲಿಲ್ಲ. ದಾಲ್ಚಿನ್ನಿಯನ್ನು ಹಕ್ಕಿಗಳ ಗೂಡಿನಿಂದ ಕದ್ದು ತರುತ್ತಾರೆ ಎಂಬ ಗ್ರೀಕರ ಕಥೆಯನ್ನು ಓದಿದವರಿದ್ದರು. ಹಿಪ್ಪಲಿಯೂ ಕಾಳುಮೆಣಸೂ ಒಂದೇ ಮರದವು ಎಂದು ಹಳೆಯ ವೈದ್ಯಗ್ರಂಥಗಳು ಬರೆದಿದ್ದವು. ದಡದಲ್ಲಿ ನಿಂತು ಗಿಡ ನೋಡಿದ ಓರ್ತಾ ಹಾಗಲ್ಲ ಎಂದರು. ಇಂದು ಇದು ದೊಡ್ಡ ಮಾತಲ್ಲ. ಆ ಕಾಲದಲ್ಲಿ ಗ್ಯಾಲೆನ್ನನ ಗ್ರಂಥಕ್ಕೆ ಎದುರು ಹೇಳುವುದು ಸಣ್ಣ ಧೈರ್ಯವಾಗಿರಲಿಲ್ಲ. ಸ್ಪೇನಿನಲ್ಲಿದ್ದಿದ್ದರೆ ತನಗೂ ಅದು ಆಗುತ್ತಿರಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ.

ಗೋವೆಯಲ್ಲಿ ಅವರು ಮನೆ ಕಟ್ಟಿ ಔಷಧಿ ಗಿಡಗಳ ತೋಟ ಮಾಡಿದರು. ಅಹಮದ್‌ನಗರದ ಸುಲ್ತಾನ ಬುರ್ಹಾನ್ ನಿಜಾಂ ಶಾಹನಿಗೂ ಚಿಕಿತ್ಸೆ ಮಾಡಿ, ಅವನ ಆಸ್ಥಾನದ ಅರಬ್ಬಿ, ಪಾರ್ಸಿ ಹಕೀಮರ ಜೊತೆ ಚರ್ಚಿಸಿದರು. ಪೋರ್ಚುಗೀಸರ ಕೈಯಲ್ಲಿದ್ದ ಮುಂಬೈ ದ್ವೀಪವನ್ನು ಗೇಣಿಗೆ ಪಡೆದರು. (ಇವತ್ತಿನ ಮುಂಬೈಯನ್ನು ಒಬ್ಬ ಡಾಕ್ಟರ್ ಗೇಣಿಗೆ ಪಡೆಯುವುದನ್ನು ಯೋಚಿಸಿ ನೋಡಿ!) ಅಲ್ಲಿ ಅವರದೊಂದು ಮಾವಿನ ಮರ ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲೊಮ್ಮೆ ಕ್ರಿಸ್ಮಸ್ ಹೊತ್ತಿಗೊಮ್ಮೆ, ಹಣ್ಣು ಬಿಡುತ್ತಿತ್ತಂತೆ.

ಸುಮಾರು ಮೂವತ್ತು ವರ್ಷ ನೋಡಿದ್ದನ್ನು, ಕೇಳಿದ್ದನ್ನು ಅವರು ಒಂದು ಪುಸ್ತಕ ಮಾಡಿದರು. 1563ರ ಏಪ್ರಿಲ್ 10ರಂದು ಗೋವೆಯಲ್ಲಿ ಅದು ಅಚ್ಚಾಯಿತು. ಭಾರತಕ್ಕೆ ಮುದ್ರಣಯಂತ್ರ ಬಂದು ಆಗ ಏಳೇ ವರ್ಷ. ಅಚ್ಚಿನ ತಪ್ಪುಗಳು ಎಷ್ಟಿದ್ದವೆಂದರೆ ತಿದ್ದುಪಡಿಯೇ ಪುಟಗಟ್ಟಲೆ ಹಿಡಿಯಿತು. ನಮ್ಮ ಪತ್ರಿಕೆಯ ಪ್ರೂಫ್ ನೋಡುವವರಿಗೆ ಇದರಿಂದ ಸಮಾಧಾನವಾಗಬಹುದು. ಪೋರ್ಚುಗಲ್ಲಿನ ಮಹಾಕವಿ ಕಮೋಯಿಶ್ ಅವರ ಕವಿತೆಯೊಂದು ಮೊದಲ ಬಾರಿಗೆ ಅಚ್ಚು ಕಂಡದ್ದೂ ಇದೇ ಪುಸ್ತಕದಲ್ಲಿ.

ಪುಸ್ತಕ ಸಂಭಾಷಣೆಯ ರೂಪದಲ್ಲಿದೆ. ಸ್ಪೇನಿನಿಂದ ಬಂದ ರುವಾನೊ ಎಂಬ ಕಲ್ಪನೆಯ ವೈದ್ಯ ಕೇಳುತ್ತಾನೆ, ಓರ್ತಾ ಹೇಳುತ್ತಾರೆ. ನಡುನಡುವೆ ಮನೆಕೆಲಸದ ಅಂತೋನಿಯಾ ತೋಟದಿಂದ ಸೊಪ್ಪು, ಕಾಯಿ ತಂದು ತೋರಿಸುತ್ತಾಳೆ. ಆ ಮನೆಯಲ್ಲಿ ಗುಲಾಮರಿದ್ದರು ಎಂಬುದನ್ನೂ ಹೇಳಬೇಕು. ಅಂತೋನಿಯಾಳಿಗೆ ಗೊತ್ತಿದ್ದ ಗಿಡಮೂಲಿಕೆ ಎಷ್ಟೋ, ಪುಸ್ತಕದ ಮೇಲಿರುವುದು ಯಜಮಾನನ ಹೆಸರು ಮಾತ್ರ. ಮಾಲುಪ ಎಂಬ ಹಿಂದೂ ವೈದ್ಯನೂ ಬರುತ್ತಾನೆ. ಅವನು ಯಾರೋ ಮಲ್ಲಪ್ಪ ಇರಬೇಕೆಂದು ನನ್ನ ಊಹೆ. ತನ್ನ ಮದ್ದು ನಾಟದಿದ್ದಾಗ ಇಲ್ಲಿನ ವೈದ್ಯರ ಮದ್ದನ್ನು ಕೊಡುತ್ತಿದ್ದುದಾಗಿ ಓರ್ತಾ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಕಾಲರಾ ರೋಗದ ಲಕ್ಷಣಗಳನ್ನು ಯುರೋಪಿನವರಿಗೆ ಮೊದಲು ವಿವರವಾಗಿ ತಿಳಿಸಿದವರಲ್ಲಿ ಅವರೂ ಒಬ್ಬರು.

ನನಗೆ ಬಹಳ ಹಿಡಿಸಿದ್ದು ಅವರು ಹೆಸರುಗಳನ್ನು ಕೂಡಿಸಿದ ರೀತಿ. ಪ್ರತಿ ಗಿಡಕ್ಕೂ ಅರಬ್ಬಿಯಲ್ಲಿ ಏನು, ಗುಜರಾತಿಯಲ್ಲಿ ಏನು, ಮಲಬಾರಿನಲ್ಲಿ ಏನು ಎಂದು ಕೇಳಿ ಬರೆದಿಟ್ಟರು. ಹಲಸಿಗೆ ಮಲಬಾರಿನವರು ಜಾಕ ಎನ್ನುತ್ತಾರೆ, ಗೋವೆಯವರು ಪಣಸ ಎನ್ನುತ್ತಾರೆ ಎಂದು ಬರೆದಿದ್ದಾರೆ. ಇಂದಿಗೂ ನಮ್ಮ ಚರ್ಚಿನ ಅಂಗಳದ ಹಲಸಿನ ಮರಕ್ಕೆ ಮಲಯಾಳಿಗಳು ಚಕ್ಕ, ಕೊಂಕಣಿಯವರು ಪಣಸ್, ತುಳುವರು ಪೆಲಕಾಯಿ ಎನ್ನುವುದಿಲ್ಲವೇ? ಆ ಜಾಕವೇ ಇಂಗ್ಲಿಷಿನ ಜ್ಯಾಕ್‌ಫ್ರೂಟ್ ಆಯಿತು. ತೆಂಗಿನಕಾಯಿಯ ಮೂರು ಕಣ್ಣು ಮಂಗನ ಮುಖದಂತೆ ಕಂಡದ್ದರಿಂದ ಪೋರ್ಚುಗೀಸರು ಅದಕ್ಕೆ ಕೊಕೊ ಎಂದರು ಎಂಬುದನ್ನೂ ಬರೆದಿದ್ದಾರೆ.

ಕನ್ನಡ ನಾಡಿನ ಕಥೆಯೊಂದೂ ಅದರಲ್ಲಿದೆ. ವಿಜಯನಗರದಲ್ಲಿ ಒಬ್ಬ ಪೋರ್ಚುಗೀಸನ ಬಳಿ ಬೆಲೆಬಾಳುವ ಕುದುರೆಯಿತ್ತು. ಅದಕ್ಕೆ ಹೊಟ್ಟೆಯುಬ್ಬರ. ರಾಜ ಕೊಳ್ಳಲು ಒಪ್ಪಲಿಲ್ಲ. ಅವನು ಇಂಗು ತಿನ್ನಿಸಿ ಗುಣಪಡಿಸಿದ ಮೇಲೆ ರಾಜ ಒಳ್ಳೆಯ ಬೆಲೆಗೆ ಕೊಂಡು, ಮದ್ದು ಯಾವುದೆಂದು ವಿಚಾರಿಸಿದ. ಇಂಗು ಎಂದು ತಿಳಿದಾಗ, ಅದು ದೇವತೆಗಳ ಆಹಾರವಾದ್ದರಿಂದ ಆಶ್ಚರ್ಯವಿಲ್ಲ ಎಂದನಂತೆ. ಪಿಶಾಚಿಗಳ ಆಹಾರ ಎಂದು ಆ ಪೋರ್ಚುಗೀಸ ತನ್ನ ಭಾಷೆಯಲ್ಲಿ ಮೆಲ್ಲಗೆ ಗೊಣಗಿದನಂತೆ. ಓರ್ತಾ ಅವರಿಗೂ ಇಂಗಿನ ವಾಸನೆ ಆಗುತ್ತಿರಲಿಲ್ಲ.

ಇನ್ನು ಹಿಂಜರಿಕೆಯ ಭಾಗಕ್ಕೆ ಬರುತ್ತೇನೆ.

ಓರ್ತಾ ಅವರ ತಾಯಿ ಮತ್ತು ಸೋದರಿಯರು 1549ರಲ್ಲಿ ಗೋವೆಗೆ ಬಂದರು. ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸುತ್ತಾರೆಂಬ ಆರೋಪದ ಮೇಲೆ ಸೋದರಿಯರು ಲಿಸ್ಬನ್ನಿನಲ್ಲಿ ಸೆರೆಮನೆ ಕಂಡಿದ್ದರು. ಗೋವೆ ದೂರ, ಅಲ್ಲಿ ನೆಮ್ಮದಿ ಎಂದುಕೊಂಡಿರಬೇಕು. ಆದರೆ 1560ರಲ್ಲಿ ಇನ್‌ಕ್ವಿಸಿಷನ್, ಅಂದರೆ ಧರ್ಮವಿಚಾರಣಾ ನ್ಯಾಯಾಲಯ, ಗೋವೆಗೂ ಬಂತು. ಅದನ್ನು ಇಲ್ಲಿಗೆ ಕಳುಹಿಸಿರೆಂದು 1546ರಲ್ಲೇ ರಾಜನಿಗೆ ಪತ್ರ ಬರೆದವರು ಸಂತ ಫ್ರಾನ್ಸಿಸ್ ಝೇವಿಯರ್. ಅವರ ಸಮಾಧಿಗೆ ಕೈಮುಗಿದು ಬಂದ ನನಗೆ ಇದನ್ನು ಓದಿದಾಗ ಕಸಿವಿಸಿಯಾಯಿತು. ಕೈಮುಗಿದದ್ದಕ್ಕೆ ಪಶ್ಚಾತ್ತಾಪವಿಲ್ಲ, ಪತ್ರವನ್ನು ಮರೆಮಾಡುವ ಮನಸ್ಸೂ ಇಲ್ಲ.

ಓರ್ತಾ ಅವರ ಪುಸ್ತಕದ ಮೊದಲ ಪುಟದಲ್ಲೇ ಅದನ್ನು ಗೋವೆಯ ಇನ್‌ಕ್ವಿಸಿಟರ್ ಪರಿಶೀಲಿಸಿದ್ದಾರೆಂದು ಅಚ್ಚಾಗಿದೆ. ಬದುಕಿದ್ದಷ್ಟು ಕಾಲ ಅವರನ್ನು ಯಾರೂ ಮುಟ್ಟಲಿಲ್ಲ. ದೊಡ್ಡವರಿಗೆಲ್ಲ ಅವರೇ ವೈದ್ಯರಾಗಿದ್ದರಲ್ಲ. 1568ರಲ್ಲಿ ಅವರು ತೀರಿಕೊಂಡರು. ಆಮೇಲೆ ಸೋದರಿ ಕತರೀನಾರನ್ನು ಹಿಡಿದು, 1569ರ ಅಕ್ಟೋಬರಿನಲ್ಲಿ ಜೀವಂತ ಸುಟ್ಟರು. ಅಣ್ಣನೂ ಗುಟ್ಟಾಗಿ ಯೆಹೂದ್ಯನೇ ಆಗಿದ್ದ ಎಂಬ ಮಾತು ಮನೆಯವರ ವಿಚಾರಣೆಯಲ್ಲಿ ಹೊರಬಂತು. ಸೆರೆಯಲ್ಲಿ, ಪ್ರಾಣಭಯದಲ್ಲಿ ಹೇಳಿದ ಮಾತನ್ನು ಎಷ್ಟು ನಂಬಬೇಕೋ ನೀವೇ ಹೇಳಿ. 1580ರಲ್ಲಿ ಓರ್ತಾ ಅವರ ಎಲುಬುಗಳನ್ನು ಸಮಾಧಿಯಿಂದ ಅಗೆದು ತೆಗೆದು ಸುಟ್ಟರು. ಸತ್ತು ಹನ್ನೆರಡು ವರ್ಷಗಳಾಗಿದ್ದವು.

ಅಷ್ಟರಲ್ಲಿ ಪುಸ್ತಕ ಅವರ ಕೈಮೀರಿ ಹೋಗಿತ್ತು. 1567ರಲ್ಲೇ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಲ್ಯಾಟಿನ್ನಿನಲ್ಲಿ ಸಂಗ್ರಹಿಸಿ ಆಂಟ್‌ವರ್ಪ್‌ನಲ್ಲಿ ಪ್ರಕಟಿಸಿದ್ದ. ಯುರೋಪಿನ ವೈದ್ಯರು, ಔಷಧಿ ಮಾರುವವರು ಅದನ್ನು ಓದುತ್ತಲೇ ಇದ್ದರು. ಎಲುಬು ಸುಟ್ಟ ಸಂಗತಿ ಮಾತ್ರ ಕಡತಗಳಲ್ಲೇ ಉಳಿದು 20ನೆಯ ಶತಮಾನದಲ್ಲಿ ಹೊರಬಂತು.

ಗೋವೆಯ ಇನ್‌ಕ್ವಿಸಿಷನ್ 1812ರಲ್ಲಿ ಮುಗಿಯಿತು. ಅದರ ಭಯವೂ ಸೇರಿ ಹಲವು ಕಾರಣಗಳಿಂದ ಗೋವೆ ಬಿಟ್ಟು ದಕ್ಷಿಣಕ್ಕೆ ಬಂದವರ ಮೊಮ್ಮಕ್ಕಳು ನಮ್ಮ ಬಲಿಪೂಜೆಯಲ್ಲಿ ಪ್ರತಿ ಭಾನುವಾರ ನಮ್ಮ ಪಕ್ಕದಲ್ಲೇ ಕುಳಿತಿರುತ್ತಾರೆ. 2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪೌಲರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ, ಸತ್ಯದ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಮಾಡಿದ ಹಿಂಸೆಗಾಗಿಯೂ ಯೆಹೂದ್ಯರಿಗೆ ಮಾಡಿದ ಅನ್ಯಾಯಕ್ಕಾಗಿಯೂ ದೇವರ ಕ್ಷಮೆ ಬೇಡಿದರು.

ಓರ್ತಾ ಅವರಿಗೆ ಗೋವೆಯಲ್ಲಿ ಸಮಾಧಿಯಿಲ್ಲ, ಪಣಜಿಯ ಆ ಉದ್ಯಾನವಿದೆ. ಮುಂದಿನ ಸಲ ಯಾತ್ರೆ ಹೋಗುವಾಗ ಬಸ್ಸಿನವರಿಗೆ ಮೊದಲೇ ಹೇಳಿ ಅಲ್ಲಿ ಅರ್ಧ ಗಂಟೆ ನಿಲ್ಲೋಣ ಎಂದಿದ್ದೇನೆ. ಬರುವವರು ಹೆಸರು ಕೊಡಿ.