ಹೆಲನ್ ಕೆಲ್ಲರ್: ಹೇಳದೆ ಉಳಿದ ಅರ್ಧ ಕಥೆ



ಹೆಲನ್ ಕೆಲ್ಲರ್ ಎಂಬ ಹೆಸರು ನಿಮಗೆ ಹೊಸದಲ್ಲ. ಕಣ್ಣು ಕಾಣದ, ಕಿವಿ ಕೇಳದ ಬಾಲಿಕೆಯೊಬ್ಬಳು ವಿದ್ಯೆ ಕಲಿತು ಲೋಕಪ್ರಸಿದ್ಧಳಾದ ಕಥೆಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಆದರೆ ಆ ಬಾಲಿಕೆ ಬೆಳೆದು ದೊಡ್ಡವಳಾದಳು, ಅವಳಿಗೂ ಎಲ್ಲರಂತೆ ಒಂದು ಮನಸ್ಸಿತ್ತು ಎಂಬುದನ್ನು ಹೇಳದೆ ಕಥೆಯನ್ನು ನಡುವೆಯೇ ನಿಲ್ಲಿಸಿಬಿಡುತ್ತಿದ್ದೆವು.

ಮಾಗನೂರಿನ ಸುತ್ತಲಿನ ಹಳ್ಳಿಯ ತಾಯಿಯೊಬ್ಬರು ಒಮ್ಮೆ ನಮ್ಮ ಬಳಿಗೆ ಬಂದರು. ಕಿವಿ ಕೇಳದ ತಮ್ಮ ಮಗಳು ಮೈನೆರೆದಿದ್ದಾಳೆ, ಇನ್ನು ಶಾಲೆ ಬಿಡಿಸುವುದೇ ಲೇಸಲ್ಲವೇ ಎಂದು ಕೇಳಿದರು. ಆರತಿ ಮಾಡಿ ಉಡಿ ತುಂಬಿದ್ದರು. ಆದರೆ ಮೈಯಲ್ಲಿ ಆದದ್ದೇನೆಂದು ಮಗುವಿಗೆ ಯಾರೂ ತಿಳಿಸಿರಲಿಲ್ಲ. ಹೇಗೆ ತಿಳಿಸಬೇಕೆಂದು ಅವರು ಕೇಳಿದಾಗ ನಮ್ಮಲ್ಲಿಯೂ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗಲೇ ಹೆಲನ್‌ಳ ಬಾಳಿನ ಉಳಿದರ್ಧ ನಮ್ಮ ಕಣ್ಣಿಗೆ ಬಿದ್ದದ್ದು.

ಹೆಲನ್ 1880ರ ಜೂನ್ 27ರಂದು ಅಮೆರಿಕದ ಅಲಬಾಮ ರಾಜ್ಯದ ಟಸ್ಕಂಬಿಯಾ ಎಂಬ ಊರಿನಲ್ಲಿ ಜನಿಸಿದಳು. 19 ತಿಂಗಳ ಕೂಸಾಗಿದ್ದಾಗ ಬಂದ ತೀವ್ರ ಕಾಯಿಲೆ ಅವಳ ದೃಷ್ಟಿ, ಶ್ರವಣ ಎರಡನ್ನೂ ಕಸಿದುಕೊಂಡಿತು. ಮಾತು ಬಾರದ ಮಗು ಸಿಟ್ಟಿನ ಮುದ್ದೆಯಾಯಿತು. 1887ರ ಮಾರ್ಚಿಯಲ್ಲಿ 20 ವರ್ಷದ ಶಿಕ್ಷಕಿ ಆನ್ ಸಲಿವನ್ ಮನೆಗೆ ಬಂದರು. ಒಂದು ದಿನ ಪಂಪಿನ ನೀರನ್ನು ಮಗುವಿನ ಒಂದು ಕೈಮೇಲೆ ಹರಿಸುತ್ತ, ಇನ್ನೊಂದು ಅಂಗೈಯಲ್ಲಿ ಬೆರಳುಗಳಿಂದ ನೀರು ಎಂಬ ಪದದ ಅಕ್ಷರಗಳನ್ನು ಮೂಡಿಸಿದರು. ಪ್ರತಿ ವಸ್ತುವಿಗೂ ಒಂದು ಹೆಸರಿದೆ ಎಂಬುದು ಮಗುವಿಗೆ ಹೊಳೆಯಿತು. ಅಂದಿನಿಂದ ಹೆಲನ್ ಹಿಂದಿರುಗಿ ನೋಡಲಿಲ್ಲ. 1903ರಲ್ಲಿ ಆತ್ಮಕಥೆ ಪ್ರಕಟಿಸಿದಳು. 1904ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನ ಪದವೀಧರೆಯಾದಳು.

ಇಲ್ಲಿಯವರೆಗಿನ ಕಥೆ ಎಲ್ಲರೂ ಬಲ್ಲದ್ದೇ. ಇನ್ನು ಮುಂದಿನದನ್ನು ಕೇಳಿರಿ.

ಆ ಕಾಲದಲ್ಲಿ ಅಮೆರಿಕದ ಅಂಧಶಾಲೆಗಳಿಗೆ ಸೇರುತ್ತಿದ್ದ ಮಕ್ಕಳಲ್ಲಿ ಅನೇಕರು ಹುಟ್ಟಿದ ಕೆಲವೇ ದಿನಗಳಲ್ಲಿ ಕಣ್ಣು ಕಳೆದುಕೊಂಡವರು. ಗೊನೋರಿಯಾ ಎಂಬ ಗುಹ್ಯರೋಗ ತಂದೆಯಿಂದ ತಾಯಿಗೆ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿನ ಕಣ್ಣಿಗೆ ತಗಲುತ್ತಿತ್ತು. ಹುಟ್ಟಿದೊಡನೆ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿ ಹಾಕಿದರೆ ಇದನ್ನು ತಡೆಯಬಹುದೆಂದು ಜರ್ಮನಿಯ ವೈದ್ಯ ಕ್ರೆಡೆ 1880ರ ದಶಕದ ಆರಂಭದಲ್ಲಿಯೇ ತೋರಿಸಿಕೊಟ್ಟಿದ್ದರು. ಔಷಧಿಯಿತ್ತು, ಮಾತನಾಡುವ ಧೈರ್ಯವಿರಲಿಲ್ಲ. ಆ ರೋಗದ ಹೆಸರೆತ್ತುವುದೇ ಮರ್ಯಾದಸ್ಥರಿಗೆ ನಾಚಿಕೆ. ಆ ನಾಚಿಕೆಗೆ ಕೂಸುಗಳು ಕಣ್ಣನ್ನು ತೆರುತ್ತಿದ್ದವು. ಹೆಲನ್‌ಳ ಕುರುಡಿಗೆ ಕಾರಣ ಈ ರೋಗವಲ್ಲ. ಆದರೂ ಆಕೆ ಸುಮ್ಮನಿರಲಿಲ್ಲ. 1907ರಲ್ಲಿಯೂ 1909ರಲ್ಲಿಯೂ ಹೆಂಗಸರು ಓದುವ ಜನಪ್ರಿಯ ಮಾಸಪತ್ರಿಕೆಯೊಂದರಲ್ಲಿಯೇ ಈ ವಿಷಯವನ್ನು ಬಿಚ್ಚಿ ಬರೆದಳು. ಮದುವೆಯಾಗದ ಹೆಣ್ಣುಮಗಳು ಹೀಗೆ ಬರೆಯುವುದು ಅಂದು ಸಣ್ಣ ಸಾಹಸವಾಗಿರಲಿಲ್ಲ.

ಲೋಕಕ್ಕೆ ತಿಳಿವಳಿಕೆ ಹೇಳಿದ ಈ ಮಹಿಳೆಗೆ ತನ್ನ ಬಾಳನ್ನು ತಾನೇ ನಿರ್ಧರಿಸುವ ಅವಕಾಶ ಮಾತ್ರ ದೊರೆಯಲಿಲ್ಲ. ಟೆಲಿಫೋನಿನ ಜನಕ ಗ್ರಹಾಂ ಬೆಲ್ ಆಕೆಯ ಹಿತೈಷಿ. ಕುರುಡು, ಕಿವುಡುಗಳ ಕಾರಣಕ್ಕೆ ಪ್ರೀತಿ, ಮದುವೆಗಳಿಂದ ದೂರ ಉಳಿಯಬೇಕಾಗಿಲ್ಲವೆಂದು ಅವರು ಹೆಲನ್‌ಗೆ ಹೇಳಿದ್ದುಂಟು. 1916ರಲ್ಲಿ ಆನ್ ಸಲಿವನ್ ಕಾಯಿಲೆ ಬಿದ್ದಾಗ ಪೀಟರ್ ಫೇಗನ್ ಎಂಬ ಪತ್ರಕರ್ತ ಹೆಲನ್‌ಳ ಕಾರ್ಯದರ್ಶಿಯಾಗಿ ಬಂದನು. ಅಂಗೈಯ ಮೇಲಿನ ಬೆರಳಕ್ಷರ ಅವನಿಗೆ ಬರುತ್ತಿತ್ತು. ಇಬ್ಬರಲ್ಲಿಯೂ ಪ್ರೀತಿ ಬೆಳೆಯಿತು. ಬಾಸ್ಟನ್ನಿನಲ್ಲಿ ಮದುವೆಯ ಪರವಾನಗಿಗೆ ಅರ್ಜಿ ಸಲ್ಲಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದೊಡನೆ ತಾಯಿ ಸಿಡಿದೆದ್ದರು. ಫೇಗನ್ನನನ್ನು ಮನೆಯಿಂದ ಹೊರಹಾಕಿ, ಮಗಳನ್ನು ಅಲಬಾಮದ ಮಾಂಟ್ಗೊಮರಿಯಲ್ಲಿದ್ದ ತಂಗಿಯ ಮನೆಗೆ ಕರೆದೊಯ್ದರು. ಒಂದು ರಾತ್ರಿ ಹೆಲನ್ ಬಟ್ಟೆಬರೆ ಕಟ್ಟಿಕೊಂಡು ಮನೆಯ ಪಡಸಾಲೆಯಲ್ಲಿ ಅವನಿಗಾಗಿ ಕಾದು ಕುಳಿತಿದ್ದಳೆಂದು ತಂಗಿ ಮುಂದೆ ನೆನೆಸಿಕೊಂಡಿದ್ದಾಳೆ. ಅವನು ಬರಲಿಲ್ಲ. ಆಗ ಹೆಲನ್‌ಗೆ 36 ವರ್ಷ!

ತಾಯಿಯದು ದ್ವೇಷವಲ್ಲ, ಮಮತೆಯೇ. ಆದರೆ ಬೆಳೆದ ಮಗಳನ್ನು ಕೂಸೆಂದೇ ತಿಳಿಯುವ ಮಮತೆ. 1929ರಲ್ಲಿ ಬಂದ ಆತ್ಮಕಥೆಯ ಎರಡನೆಯ ಗ್ರಂಥದಲ್ಲಿ ಹೆಲನ್ ಆ ಪ್ರೀತಿಯನ್ನು ಕಹಿಯಿಲ್ಲದೆ ಸ್ಮರಿಸಿದ್ದಾಳೆ. ಆಮೇಲೆ ಅಂಧರ ಸೇವೆಗಾಗಿ ದೇಶದೇಶಗಳನ್ನು ಸುತ್ತಿದಳು. 1955ರಲ್ಲಿ ನಮ್ಮ ಭಾರತಕ್ಕೂ ಬಂದಿದ್ದಳು. 1968ರ ಜೂನ್ 1ರಂದು ತೀರಿಕೊಂಡಳು.

ಈ ಬಾಳಿನಿಂದ ನಾವು ಕಲಿಯಬೇಕಾದದ್ದೇನು? ಕಣ್ಣು, ಕಿವಿ, ಕೈಕಾಲು, ಬುದ್ಧಿ ಯಾವುದರಲ್ಲಿ ಊನವಿದ್ದರೂ ದೇಹ ಹೊತ್ತಿಗೆ ಸರಿಯಾಗಿ ಬೆಳೆಯುತ್ತದೆ, ಮನಸ್ಸೂ ಬೆಳೆಯುತ್ತದೆ. ನೀರೆಂಬ ಪದವನ್ನು ಅಂಗೈಯಲ್ಲಿ ತಿಳಿಸಬಹುದಾದರೆ, ಮೈಯ ಬದಲಾವಣೆಯನ್ನೂ ತಿಳಿಸಬಹುದು. ಅದು ಬರುವುದಕ್ಕೆ ಮೊದಲೇ ತಿಳಿಸಬೇಕು. ಕಣ್ಣು ಕಾಣದ ಹುಡುಗಿಯ ಕೈಗೆ ಪ್ಯಾಡನ್ನೋ ಮಡಿಬಟ್ಟೆಯನ್ನೋ ಕೊಟ್ಟು, ಮುಟ್ಟಿನ ದಿನ ಬಳಸುವ ಬಗೆಯನ್ನು ಮುಟ್ಟಿ ಕಲಿಯಲು ಬಿಡಬೇಕು. ಕಿವಿ ಕೇಳದ ಮಗುವಿಗೆ ಚಿತ್ರ, ಸನ್ನೆ. ನಿಧಾನವಾಗಿ ಕಲಿಯುವ ಮಗುವಿಗೆ ಚಿಕ್ಕ ಮಾತು, ಮತ್ತೆ ಮತ್ತೆ ಅದೇ ಮಾತು. ಗಂಡುಮಕ್ಕಳಿಗೆ ಧ್ವನಿ ಒಡೆಯುವುದು, ನಿದ್ರೆಯಲ್ಲಿ ವೀರ್ಯ ಹೋಗುವುದು ಸಹಜ, ರೋಗವಲ್ಲ ಎಂದು ತಂದೆ ಹೇಳಬೇಕು. ಸ್ನಾನ ಮಾಡಿಸುವವರೂ ಕೇಳಿಯೇ ಮೈ ಮುಟ್ಟಬೇಕು. ಆಗ ಮಾತ್ರ ಕೆಟ್ಟ ಕೈಯನ್ನು ತಳ್ಳಿಬಿಡಲು ಮಗು ಕಲಿಯುತ್ತದೆ. ಅಂಥ ತೊಂದರೆಯಾದರೆ ಮನೆಯಲ್ಲಿ ಹೇಳಲಿ, ಶಿಕ್ಷಕರಿಗೆ ಹೇಳಲಿ. ಮಕ್ಕಳ ಸಹಾಯವಾಣಿ 1098 ಇದೆ. 2012ರ ಪೋಕ್ಸೋ ಕಾಯ್ದೆ ಎಲ್ಲ ಮಕ್ಕಳನ್ನೂ ಕಾಯುತ್ತದೆ. ಅಂಗವಿಕಲರಿಗೆ ಸಂತಾನ, ಕುಟುಂಬ ಯೋಜನೆಗಳ ತಿಳಿವಳಿಕೆ ದೊರೆಯಬೇಕು, ಅವರ ಒಪ್ಪಿಗೆಯಿಲ್ಲದೆ ಸಂತಾನಹರಣ ಚಿಕಿತ್ಸೆ ಮಾಡಕೂಡದು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಬೆಂಚಿನ ಪಕ್ಕದಲ್ಲಿ ಅಂಥ ಗೆಳೆಯ ಗೆಳತಿಯರಿದ್ದರೆ ಅವರನ್ನು ಅಣಕಿಸಬೇಡಿರಿ, ಬರಿದೆ ಮರುಗಲೂ ಬೇಡಿರಿ. ನಿಮ್ಮ ಓರಗೆಯವರೆಂದು ಕಾಣಿರಿ.

ಅಂದು ಬಂದ ಆ ತಾಯಿಗೆ ನಾವು ಇಂದು ಹೇಳುವ ಉತ್ತರ ಇಷ್ಟೇ: ಅಮ್ಮಾ, ಮಗಳನ್ನು ಶಾಲೆ ಬಿಡಿಸಬೇಡಿರಿ. ಇವತ್ತು ಸಂಜೆ ಅವಳನ್ನು ಹತ್ತಿರ ಕೂಡಿಸಿಕೊಂಡು, ನಿಮ್ಮ ಕೈಸನ್ನೆಯಿಂದಲೇ ಹೇಳತೊಡಗಿರಿ. ನಿಮಗೆ ತೋಚದ ಕಡೆ ನಾವಿದ್ದೇವೆ.